ಸಮ್ಮೋಹನ ಚಿಕಿತ್ಸೆಯೂ ತ್ರಿವೇಣಿಯವರ ‘ಶರಪಂಜರ’ವೂ



ಸಾಯಗಾಂವದ ಕಡೆಯವರಾದ, ಹಿಂದೆ ಮಠದ ಪ್ರಸಾದನಿಲಯದಲ್ಲಿದ್ದು ಓದಿದ ಹಿರಿಯರೊಬ್ಬರು ಈಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ಬಂಧುವರ್ಗದ ಹೆಣ್ಣುಮಗಳೊಬ್ಬಳು ಬಾಲ್ಯದಲ್ಲಿ ಮನೆಯವನೇ ಆದ ಒಬ್ಬನಿಂದ ದೌರ್ಜನ್ಯಕ್ಕೀಡಾದವಳು. ಈಗ ತಾನೇ ತಾಯಿಯಾಗಿದ್ದರೂ ರಾತ್ರಿ ಬೆಚ್ಚಿಬೀಳುತ್ತಾಳೆ. “ಸಮ್ಮೋಹಿನಿ ಮಾಡಿಸಿದರೆ ಎಲ್ಲ ಅಳಿಸಿಹೋಗ್ತದಂತ, ಖರೇ ಏನ್ರಿ?” ಉತ್ತರ ತೋಚದೆ ನಾನು ‘ಶರಪಂಜರ’ವನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ.

ಮನಃಶಾಸ್ತ್ರವನ್ನು ವ್ಯಾಸಂಗ ಮಾಡಿ, 1963ರಲ್ಲಿ ಅಕಾಲದಲ್ಲಿ ತೀರಿಕೊಂಡ ತ್ರಿವೇಣಿಯವರ ಈ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದುದು ತಮಗೆಲ್ಲ ತಿಳಿದದ್ದೇ. ಕಾವೇರಿಯ ನೋವು ಬಾಲ್ಯದ್ದಲ್ಲ. ಮದುವೆಗೆ ಮುಂಚಿನ ಪ್ರಸಂಗವೊಂದು ಒಳಗೇ ಹುದುಗಿದ್ದು, ಹೆರಿಗೆಯ ಬಳಿಕ ಬುದ್ಧಿಭ್ರಮಣೆಯಾಗಿ ಹೊರಬೀಳುತ್ತದೆ. ಆಸ್ಪತ್ರೆಯಲ್ಲಿ ಗುಣಹೊಂದಿ ಬಂದವಳನ್ನು ಗಂಡನೂ ನೆರೆಹೊರೆಯೂ ಹುಚ್ಚಿಯೆಂದೇ ಕಾಣುತ್ತಾರೆ. ಅವಳು ಮರಳಿ ಆಸ್ಪತ್ರೆಗೇ ಸೇರುತ್ತಾಳೆ. ವೈದ್ಯರು ವಾಸಿಮಾಡಿದ್ದನ್ನು ಮನೆ ಕೆಡಿಸಿತೆಂಬ ಈ ನೋಟವೇ ಕೃತಿಯ ಹಿರಿಮೆ. ಆದರೆ ಕಾವೇರಿಯ ಅಪರಾಧಭಾವ ಕೊನೆಯವರೆಗೂ ಅವಳ ಪಾಲಿಗೇ ಉಳಿಯುವುದು, ಅವಳನ್ನು ಆ ಸ್ಥಿತಿಗೆ ತಂದವನು ಕಥೆಯಿಂದ ಸುಮ್ಮನೆ ಜಾರಿಹೋಗುವುದು ನನಗೆ ಕೊರತೆಯಾಗಿ ಕಂಡಿತು.

2004ರ ‘ಆಪ್ತಮಿತ್ರ’ದಲ್ಲಿಯಾದರೋ ಒಂದು ರಾತ್ರಿಯ ನಾಟಕದಿಂದ ವ್ಯಾಧಿಯೆಲ್ಲ ನಿವಾರಣೆ! ನೋಡಲು ರಂಜಕವೇ ಸರಿ; ನಮ್ಮ ಹಿರಿಯರ ಪ್ರಶ್ನೆ ಹುಟ್ಟುವುದು ಇಂಥ ಚಿತ್ರಗಳಿಂದಲೇ.

ಸಮ್ಮೋಹನವು ನಿದ್ರೆಯಲ್ಲ. 1843ರಲ್ಲಿ ಗ್ರಂಥ ಬರೆದು ಅದಕ್ಕೆ ಗ್ರೀಕರ ನಿದ್ರಾದೇವತೆಯ ಹೆಸರನ್ನು ರೂಢಿಗೆ ತಂದ ಜೇಮ್ಸ್ ಬ್ರೇಡನಿಗೇ ಮುಂದೆ ಆ ಹೆಸರು ತಪ್ಪೆನಿಸಿತು. ಅದು ಗಮನವು ಒಂದೆಡೆ ಕೇಂದ್ರೀಕೃತವಾಗಿ, ಹೇಳಿದ ಮಾತು ಮನಸ್ಸಿಗೆ ಬೇಗ ನಾಟುವ ಸ್ಥಿತಿ. ನೋವು, ಭಯ, ಆತಂಕಗಳನ್ನು ತಗ್ಗಿಸಲು ಪರಿಣತರು ಇತರ ಚಿಕಿತ್ಸೆಯ ಜೊತೆಗೆ ಇದನ್ನು ಬಳಸುವುದುಂಟು. ನೆನಪನ್ನು ಅಳಿಸುವ ಶಕ್ತಿ ಇದಕ್ಕಿಲ್ಲ. ಮರೆತದ್ದನ್ನು ಹೊರತೆಗೆಯುವೆನೆಂಬುದು ಇನ್ನೂ ಅಪಾಯದ ಮಾತು. ಹೇಳಿದ್ದು ನಾಟುವ ಆ ಸ್ಥಿತಿಯಲ್ಲಿ ಕೇಳುವವನ ಊಹೆಯೇ ಕೇಳಿಸಿಕೊಂಡವಳ ನೆನಪಾಗಿ ಬೇರೂರಬಲ್ಲದು. ಅಮೆರಿಕದಲ್ಲಿ 1980-90ರ ದಶಕಗಳಲ್ಲಿ ಇಂಥ ನೆನಪುಗಳಿಂದ ಕುಟುಂಬಗಳು ಒಡೆದು, ಚಿಕಿತ್ಸಕರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಫ್ರಾಯ್ಡ್ ಕೂಡ ಈ ವಿಧಾನದಿಂದ ಆರಂಭಿಸಿ ಅದನ್ನು ಕೈಬಿಟ್ಟವನೇ.

ಹಾಗೆಂದು ಆ ಹೆಣ್ಣುಮಗಳ ಮಾತನ್ನು ಶಂಕಿಸಬೇಕೆಂದಲ್ಲ. ಅವಳು ಮರೆತೇ ಇಲ್ಲ; ಹೇಳಲು ಕೇಳುವವರಿರಲಿಲ್ಲ, ಅಷ್ಟೇ. ಕೇಂದ್ರ ಸರಕಾರ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ ನೂರಕ್ಕೆ 53ಕ್ಕೂ ಹೆಚ್ಚು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು; ದುಷ್ಕರ್ಮಿಗಳಲ್ಲಿ ಅರ್ಧದಷ್ಟು ಜನ ಪರಿಚಿತರೇ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಸೀಮೆಯವರು ಹೆಮ್ಮೆಯಿಂದ ನೆನೆಯುತ್ತಾರೆ. ಮಗುವಿನ ಮುಖವೆಂಬ ಫಲಕದ ಹಿಂದೆ ಬೇರೆ ಪಾಠ ನಡೆದಿರಬಹುದೆಂಬುದು ಮಾತ್ರ ನಮಗೇಕೆ ಹೊಳೆಯದೋ!

ಹಿರಿಯರಿಗೆ ಹೀಗೆ ಬರೆದೆ: “ಸಮ್ಮೋಹಿನಿಗಾರರನ್ನು ಹುಡುಕಬೇಡಿರಿ. ಮನೋವೈದ್ಯರಲ್ಲಿ ಅಥವಾ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರಲ್ಲಿ ಕರೆದೊಯ್ಯಿರಿ. ಸಮ್ಮೋಹನ ಬೇಕೋ ಬೇಡವೋ ಅವರು ಹೇಳಲಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಮನೆಯಿಂದಲೇ ದೂರವಾಣಿ ಮಾಡಬಹುದು. ಆ ಮನುಷ್ಯ ಇಂದಿಗೂ ಮಕ್ಕಳಿರುವ ಮನೆಗೆ ಬಂದುಹೋಗುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿರಿ. ಅವನ ಕೈಯಿಂದ ಮತ್ತೊಂದು ಮಗು ನೊಂದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯಿದೆಯಂತೆ ತಮ್ಮ ಕರ್ತವ್ಯ.”

ಅವರ ಮರುಪತ್ರ ಬಂದಿದೆ. ಆತ ಮನೆಗೆ ಬರುವುದು ನಿಂತಿದೆಯೇ ಎಂಬುದನ್ನು ಮಾತ್ರ ಅವರು ಬರೆದಿಲ್ಲ.