‘ಅಸಾಮಾನ್ಯ’ರ ಲೆಕ್ಕ: ಡೆಬಿಯನ್ ನಿಯಮಗ್ರಂಥದ ಅವಲಂಬನ ಪ್ರಕರಣ

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ವಿತರಣೆಗೆ ಒಂದು ನಿಯಮಗ್ರಂಥವುಂಟು. ಅದರ ಏಳನೆಯ ಅಧ್ಯಾಯವು ಒಂದು ಪ್ಯಾಕೇಜು ಇನ್ನೊಂದನ್ನು ಆಶ್ರಯಿಸುವ ಬಗೆಗಳನ್ನು ವಿವೇಚಿಸುತ್ತದೆ. ಯಂತ್ರಕ್ಕಾಗಿ ಬರೆದ ಶಾಸನವೆಂದು ಭಾಷಾಭ್ಯಾಸಿಗಳು ಇದನ್ನು ಬದಿಗಿಡುವುದು ಸಹಜವಾದರೂ, ಇಲ್ಲಿ ಶಬ್ದಾರ್ಥದ ಪ್ರಶ್ನೆಯೇ ಪ್ರಧಾನವಾಗಿದೆ.

ಆಶ್ರಯದಲ್ಲಿ ಮುಖ್ಯವಾಗಿ ಮೂರು ಅಂತಸ್ತುಗಳು. ಯಾವುದಿಲ್ಲದೆ ತಂತ್ರಾಂಶದ ಗಣನೀಯ ಭಾಗ ನಡೆಯದೋ ಅದು ‘ಡಿಪೆಂಡ್ಸ್’. ಅಸಾಮಾನ್ಯ ಸಂದರ್ಭಗಳನ್ನುಳಿದು ಎಲ್ಲೆಡೆಯೂ ಜೊತೆಗಿರತಕ್ಕದ್ದು ‘ರೆಕಮೆಂಡ್ಸ್’. ಇದ್ದರೆ ಉಪಯುಕ್ತವೆನಿಸುವುದು ‘ಸಜೆಸ್ಟ್ಸ್’. 2009ರ ಐದನೆಯ ಆವೃತ್ತಿಯಿಂದ ಎರಡನೆಯ ಅಂತಸ್ತಿನವೂ, ಬೇಡವೆನ್ನದ ಹೊರತು, ತಾವಾಗಿಯೇ ಬಂದು ಸೇರುತ್ತವೆ. ವಿಭಾಗಕ್ರಮ ಅಚ್ಚುಕಟ್ಟಾದದ್ದೇ. ಆದರೆ ‘ಅಸಾಮಾನ್ಯ’ ಯಾರು ಎಂಬುದನ್ನು ಗ್ರಂಥ ಹೇಳುವುದಿಲ್ಲ. ಹೇಳುವವನು ಪ್ಯಾಕೇಜು ಕಟ್ಟುವಾತ.

ಆತನ ಕೆಲಸದಲ್ಲಿ ಒಂದು ಭಾಗ ಯಾಂತ್ರಿಕವಾದದ್ದು. ತಂತ್ರಾಂಶವು ಯಾವ ಯಾವ ಲೈಬ್ರರಿಗಳಿಗೆ ಕೊಂಡಿ ಹಾಕಿಕೊಂಡಿದೆಯೆಂಬುದನ್ನು ‘ಡಿಪಿಕೆಜಿ-ಶ್‌ಲಿಬ್‌ಡೆಪ್ಸ್’ ಎಂಬ ಉಪಕರಣವೇ ಓದಿ ಪಟ್ಟಿಮಾಡುತ್ತದೆ. ಒಂದು ಪಠ್ಯ ಸಂಪಾದಕವು ಪ್ಯಾಂಗೊ ಲೈಬ್ರರಿಯನ್ನು ಆಶ್ರಯಿಸಿದ್ದರೆ, ಪ್ಯಾಂಗೊ ಹಾರ್ಫ್‌ಬಜ಼್ ಅನ್ನು ಆಶ್ರಯಿಸಿರುವುದರಿಂದ, ಕನ್ನಡದ ಒತ್ತಕ್ಷರವನ್ನು ಎಲ್ಲಿ ಕೂರಿಸಬೇಕೆಂಬ ಜ್ಞಾನವು ಯಾರೂ ಕೇಳದೆಯೇ ಯಂತ್ರಕ್ಕೆ ಬಂದುಬಿಡುತ್ತದೆ. ಅಕ್ಷರಗಳು ಮಾತ್ರ ಬರುವುದಿಲ್ಲ. ಫಾಂಟಿಗೂ ತಂತ್ರಾಂಶಕ್ಕೂ ಅಂಥ ಕೊಂಡಿಯಿಲ್ಲ. ಅದನ್ನು ಮನುಷ್ಯನೇ ನೆನೆದು ಬರೆಯಬೇಕು. ಬರೆಯದಿದ್ದಲ್ಲಿ, ಒತ್ತಕ್ಷರದ ನಿಯಮವೆಲ್ಲವನ್ನೂ ಬಲ್ಲ ಯಂತ್ರವು ತೆರೆಯ ಮೇಲೆ ಬರಿಯ ಚೌಕಗಳನ್ನು ಸಾಲಾಗಿ ನಿಲ್ಲಿಸುತ್ತದೆ.

ಪ್ರಪಂಚದ ಲಿಪಿಗಳೆಲ್ಲವನ್ನೂ ಪ್ರತಿಯೊಂದು ಸಂಪಾದಕದ ಬೆನ್ನಿಗೆ ಕಟ್ಟಲಾಗದೆಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆಂದೇ ಡೆಬಿಯನ್ನಿನಲ್ಲಿ, ತನ್ನೊಳಗೆ ಒಂದಕ್ಷರವೂ ಇಲ್ಲದೆ ಲೋಹಿತ್, ಗುಬ್ಬಿ ಮೊದಲಾದ ಕನ್ನಡ ಫಾಂಟುಗಳನ್ನು ಅವಲಂಬನೆಯ ಬಲದಿಂದಲೇ ಕರೆತರುವ ಪ್ಯಾಕೇಜೊಂದುಂಟು. (ಗುಬ್ಬಿಯೆಂದೊಡನೆ ತುಮಕೂರು ಜಿಲ್ಲೆಯವರಿಗೆ ಊರು ನೆನಪಾಗಬಹುದು, ನವಿಲು ಎಂಬ ಫಾಂಟೂ ಇರುವುದರಿಂದ ಹಕ್ಕಿಯೆಂದೇ ತಿಳಿಯುವುದು ಲೇಸು.) ಕನ್ನಡ ಡೆಸ್ಕ್‌ಟಾಪಿಗೆ ಬೇಕಾದುದನ್ನು ಒಟ್ಟುಗೂಡಿಸುವ ಪ್ಯಾಕೇಜೂ ಉಂಟು. ಆದರೆ ಇವು ಸೇರುವುದು ಕನ್ನಡವನ್ನೇ ಆರಿಸಿದವರಿಗೆ. ಯಂತ್ರವನ್ನು ಇಂಗ್ಲಿಷಿನಲ್ಲಿ ನಡೆಸುತ್ತ ಕನ್ನಡವನ್ನು ಓದಿ ಬರೆಯುವಾತನಿಗೆ ಈ ಏರ್ಪಾಡಿನಲ್ಲಿ ನೆಲೆಯಿಲ್ಲ. ನಮ್ಮ ಕಡೆಯಲ್ಲಿ ಅಂಥವರು ಅಸಾಮಾನ್ಯರೆ?

ಅಚ್ಚಾದ ಪುಟದಿಂದ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಇನ್ನೂ ಸ್ಪಷ್ಟವಾದ ನಿದರ್ಶನ. ಹಳೆಯ ಪುಸ್ತಕಗಳೊಡನೆ ವ್ಯವಹರಿಸುವ ನಮಗೆ ಇದು ದಿನನಿತ್ಯದ ಉಪಕರಣವಾಗಬಲ್ಲದು. ಡೆಬಿಯನ್ನಿನಲ್ಲಿ ಅದರ ಇಂಗ್ಲಿಷ್ ದತ್ತಾಂಶಕ್ಕೆ ‘ಡಿಪೆಂಡ್ಸ್’ ಪದವಿ; ಕನ್ನಡದ್ದನ್ನು ಬೇರೆಯಾಗಿ ಕೇಳಿ ತರಿಸಿಕೊಳ್ಳಬೇಕು. ಕನ್ನಡ ಪುಟವನ್ನಷ್ಟೇ ಓದಿಸುವವನಿಗೆ ಇಂಗ್ಲಿಷ್ ಇಲ್ಲದೆ ಯಾವ ‘ಗಣನೀಯ ಭಾಗ’ ನಿಂತುಹೋಗುತ್ತದೆ? ಪ್ಯಾಕೇಜು ಕಟ್ಟಿದವನನ್ನು ಹಳಿಯುವುದು ಮಾತ್ರ ಅವಸರವಾದೀತು. ಭಾಷೆಯನ್ನು ಹೆಸರಿಸದಿದ್ದರೆ ಮೂಲ ತಂತ್ರಾಂಶವು ಇಂಗ್ಲಿಷನ್ನೇ ಹುಡುಕುತ್ತದೆ; ಅದು ಸಿಗದಿದ್ದರೆ ಕೆಲಸ ಕೆಡುತ್ತದೆ. ಆತ ಆ ಅಭ್ಯಾಸವನ್ನು ಹಾಗೆಯೇ ದಾಖಲಿಸಿದ್ದಾನೆ.

ಹೀಗೆ ಮೂಲದಲ್ಲಿ ಬರೆಯುವವರನ್ನು ಈ ವೃತ್ತಿಯವರು ‘ಅಪ್‌ಸ್ಟ್ರೀಮ್’, ಎಂದರೆ ಹೊಳೆಯ ಮೇಲ್ಭಾಗದವರು, ಎನ್ನುತ್ತಾರೆ. ಶಿರಾ ತಾಲ್ಲೂಕಿನ ಮದಲೂರಿನವರಿಗೆ ಈ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಮಾವತಿಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳನ್ನು ಹಾದು ಅವರ ಕೆರೆಗೆ ಬರಬೇಕು. 2020ರ ಶಿರಾ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಯಿತು. ಆ ಕೆರೆಯ ಹೆಸರಿನಲ್ಲಿ ಹಂಚಿಕೆ ಉಂಟೇ ಇಲ್ಲವೇ ಎಂಬ ವಾದವೂ ನಡೆಯಿತು. ಕೆಳಗಿನ ತೂಬನ್ನು ಎಷ್ಟು ದುರಸ್ತಿ ಮಾಡಿದರೂ ಮೇಲಿನ ಹಂಚಿಕೆಯನ್ನು ತಿದ್ದಿದಂತಾಗುವುದಿಲ್ಲ.

ಆದ್ದರಿಂದ ತಿದ್ದುಪಡಿ ಎರಡು ಕಡೆ ಆಗಬೇಕು. ಮೂಲ ತಂತ್ರಾಂಶವು, ಭಾಷೆಯನ್ನು ಹೆಸರಿಸದಾಗ, ಯಂತ್ರದಲ್ಲಿರುವ ದತ್ತಾಂಶವನ್ನು ನೋಡಿ ನಡೆಯಲಿ. ಅನಂತರ ಪ್ಯಾಕೇಜಿನ ನಿಯಂತ್ರಣ ಕಡತದಲ್ಲಿ ಇಂಗ್ಲಿಷನ್ನು ಎರಡನೆಯ ಅಂತಸ್ತಿಗೆ ಇಳಿಸಿದರೆ ಯಾವುದೂ ಮುರಿಯದು. ‘ಇದು ಅಥವಾ ಅದು’ ಎಂದು ನಡುವೆ ಗೆರೆಯೆಳೆದು ವಿಕಲ್ಪವನ್ನು ಬರೆಯಲು ನಿಯಮಗ್ರಂಥದ ಅದೇ ಅಧ್ಯಾಯ ಈಗಾಗಲೇ ಅನುಮತಿ ಕೊಟ್ಟಿದೆ.