ಕಫನ್ ಯಾರ ಹೊಣೆ?

ನಮ್ಮ ದಾದಿಯ ತಗಡಿನ ಟ್ರಂಕಿನಲ್ಲಿ ಅವರ ಕಫನ್ ಇತ್ತು. ಬಿಳಿ ಲಾಂಗ್‌ಕ್ಲಾತ್, ಒಂದು ಪೊಟ್ಟಣ ಕರ್ಪೂರ, ಸಣ್ಣದೊಂದು ಅತ್ತರಿನ ಶೀಶೆ. ಪ್ರತಿ ವರ್ಷ ರಮಝಾನ್‌ಗೆ ಮುಂಚೆ ಅದನ್ನು ತೆಗೆದು ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹಾಕುತ್ತಿದ್ದರು. ಮಕ್ಕಳಾಗಿದ್ದ ನಮಗೆ ಅತ್ತ ಸುಳಿಯಲೂ ಹೆದರಿಕೆ. ಅವರಿಗೋ ಕೌದಿ ಒಣಹಾಕಿದಷ್ಟೇ ಸಹಜ. ಆದರೆ ಆ ಬಟ್ಟೆ ಟ್ರಂಕಿನಲ್ಲಿ ಹೆಚ್ಚು ವರ್ಷ ಉಳಿಯುತ್ತಿರಲಿಲ್ಲ. ಮೊಹಲ್ಲಾದ ಬಡವರ ಮನೆಯಲ್ಲಿ ಅಪರಾತ್ರಿ ಮೌತಾದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಿದ್ದರು. ದಾದಿ ತಮ್ಮದನ್ನೇ ತೆಗೆದುಕೊಟ್ಟು, ಬೀಡಿ ಕಟ್ಟಿದ ದುಡ್ಡಿನಲ್ಲಿ ಮತ್ತೆ ಹೊಸದನ್ನು ತಂದಿಡುತ್ತಿದ್ದರು.

ಸಾವಿನ ಬಗ್ಗೆ ಬರೆದ ಕಥೆಗಳನ್ನು ಓದುವಾಗಲೆಲ್ಲ ನಮಗೆ ಆ ಟ್ರಂಕು ನೆನಪಾಗುತ್ತದೆ. ಈಗ ಪುಸ್ತಕದಂಗಡಿಗಳಲ್ಲಿ ‘ಸಾವನ್ನು ನೆನೆ, ಗುರಿಯಿಟ್ಟು ಬದುಕು’ ಎಂದು ಬೋಧಿಸುವ ಪುಸ್ತಕಗಳಿಗೆ ಬರವಿಲ್ಲ. ಅವೆಲ್ಲ ‘ನನ್ನ’ ಸಾವಿನ ಬಗ್ಗೆ, ‘ನನ್ನ’ ಗುರಿಯ ಬಗ್ಗೆ. ಉಳಿದ ದಿನಗಳಲ್ಲಿ ನಾನು ಏನನ್ನು ಸಾಧಿಸಲಿ ಎಂಬುದೇ ಅವುಗಳ ಚಿಂತೆ. ಒಳ್ಳೆಯ ಕಥೆಗಾರರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದಿದ್ದಾರೆ. ಟಾಲ್‌ಸ್ಟಾಯ್ 1886ರಲ್ಲಿ ಬರೆದ ‘ಇವಾನ್ ಇಲಿಚ್‌ನ ಸಾವು’ ಕಥೆಯಲ್ಲಿ ಸಾಯುತ್ತಿರುವ ನ್ಯಾಯಾಧೀಶನಿಗೆ ಮನೆಯವರ, ವೈದ್ಯರ ಸುಳ್ಳು ಸಮಾಧಾನಗಳು ಹಿಂಸೆಯಾಗುತ್ತವೆ. ಅವನ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯಿಡೀ ಕೂರುವ ಆಳು ಗೆರಾಸಿಮ್ ಒಬ್ಬನಿಂದಲೇ ಅವನಿಗೆ ನೆಮ್ಮದಿ. ಗೆರಾಸಿಮ್ ಯಾವ ತತ್ವವನ್ನೂ ಹೇಳುವುದಿಲ್ಲ. ಎಲ್ಲರೂ ಸಾಯುವವರೇ ಎಂದು ಅವನಿಗೆ ಗೊತ್ತು, ಆದ್ದರಿಂದ ಈ ಕೆಲಸ ಅವನಿಗೆ ಭಾರವಲ್ಲ.

ಪ್ರೇಮಚಂದರ ‘ಕಫನ್’ ಕಥೆಯನ್ನು ನಾವು ಮೊದಲು ಓದಿದ್ದು ಉರ್ದು ಶಾಲೆಯಲ್ಲಿ. ಉಸ್ತಾದರು ಅದನ್ನು ಇಬ್ಬರು ಸೋಮಾರಿಗಳ ಕಥೆ ಎಂದು ಹೇಳಿಕೊಟ್ಟಿದ್ದರು. 1935ರಲ್ಲಿ ಉರ್ದುವಿನಲ್ಲಿ ಪ್ರಕಟವಾದ ಕಥೆ ಇದು. ಮರುವರ್ಷ ಪ್ರೇಮಚಂದ್ ತೀರಿಕೊಂಡರು. ಗುಡಿಸಲಿನೊಳಗೆ ಬುಧಿಯಾ ಹೆರಿಗೆ ನೋವಿನಲ್ಲಿ ಸಾಯುತ್ತಿದ್ದಾಳೆ. ಹೊರಗೆ ಗಂಡ ಮಾಧವ, ಮಾವ ಘೀಸು ಬೆಂಕಿಯಲ್ಲಿ ಆಲೂಗಡ್ಡೆ ಸುಟ್ಟು ತಿನ್ನುತ್ತಿದ್ದಾರೆ. ಒಬ್ಬ ಎದ್ದು ಹೋದರೆ ಇನ್ನೊಬ್ಬ ಎಲ್ಲವನ್ನೂ ತಿಂದುಬಿಟ್ಟಾನೆಂಬ ಭಯಕ್ಕೆ ಇಬ್ಬರೂ ಏಳುವುದಿಲ್ಲ. ಅವಳು ಸತ್ತ ಮೇಲೆ ಜಮೀನ್ದಾರನಿಂದ, ಊರವರಿಂದ ಬೇಡಿ ತಂದ ಐದು ರೂಪಾಯಿ ಕಫನ್‌ಗೆ ಹೋಗದೆ ಹೆಂಡಕ್ಕೂ ಪೂರಿಗೂ ಹೋಗುತ್ತದೆ. ಈ ಕಥೆ ದಲಿತರನ್ನು ಮನುಷ್ಯತ್ವವಿಲ್ಲದವರಂತೆ ತೋರಿಸುತ್ತದೆಂದು ದಲಿತ ಲೇಖಕರು ಎತ್ತಿರುವ ಆಕ್ಷೇಪವನ್ನು ನಾವು ತಳ್ಳಿಹಾಕಲಾರೆವು. ಹೆಸರಿಗೊಂದು ಜಾತಿ ಹಚ್ಚದೆಯೂ ಈ ಕಥೆ ನಿಲ್ಲುತ್ತಿತ್ತಲ್ಲ?

ಆದರೂ ಅದರಲ್ಲಿ ಒಂದು ಮಾತಿದೆ, ನಮ್ಮನ್ನು ಬಿಡದ ಮಾತು. ಸೊಸೆಗೆ ಕಫನ್ ಸಿಕ್ಕೇ ಸಿಗುತ್ತದೆ, ಈಗ ಕೊಟ್ಟವರೇ ಮತ್ತೆ ಕೊಡುತ್ತಾರೆ ಎಂದು ಘೀಸು ಮಗನಿಗೆ ಭರವಸೆ ಕೊಡುತ್ತಾನೆ. ಅವನ ಲೆಕ್ಕ ತಪ್ಪಲ್ಲ. ಬದುಕಿದ್ದಾಗ ಹರಕು ಚಿಂದಿಯನ್ನೂ ಕೊಡದ ಊರು ಸತ್ತ ಮೇಲೆ ಹೊಸ ಬಟ್ಟೆ ಹೊದಿಸುತ್ತದೆ. ಸೂಲಗಿತ್ತಿಗೆ ಬಿಚ್ಚದ ಗಂಟು ಹೆಣಕ್ಕೆ ಬಿಚ್ಚುತ್ತದೆ. ನಮ್ಮಲ್ಲಿ ಮಯ್ಯತ್‌ಗೆ ಗುಸುಲ್ ಮಾಡಿಸಿ, ಕಫನ್ ತೊಡಿಸಿ, ಜನಾಝಾ ನಮಾಝ್ ಮಾಡಿ ದಫನ್ ಮಾಡುವುದು ಫರ್ಝೆ ಕಿಫಾಯಾ. ಕೆಲವರು ಮಾಡಿದರೆ ಎಲ್ಲರ ಹೊಣೆಯೂ ತೀರಿತು. ಯಾರೂ ಮಾಡದಿದ್ದರೆ ಎಲ್ಲರೂ ಗುನೆಹಗಾರರು. ಎಷ್ಟು ಸುಂದರವಾದ ಕಾನೂನು! ಆದರೆ ‘ಯಾರಾದರೂ ಮಾಡಿಯಾರು’ ಎಂದು ಕೂರಲು ನಾವು ಬಳಸಿಕೊಳ್ಳುವುದೂ ಇದನ್ನೇ. ಹಾಗೆ ಕೂತಾಗ ನಮಗೂ ಘೀಸುವಿಗೂ ದೂರ ಬಹಳವಿಲ್ಲ.

ಇದೇ ಬಟ್ಟೆಯನ್ನು ಬಾನು ಮುಷ್ತಾಕರ ಒಂದು ಕಥೆಯೂ ಹಿಡಿದಿದೆ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದ ಹನ್ನೆರಡು ಕಥೆಗಳಲ್ಲಿ ಅದು ‘ದ ಶ್ರೌಡ್’ ಎಂಬ ಹೆಸರಿನಲ್ಲಿದೆ. ಅನುಕೂಲಸ್ಥೆ ಶಾಜಿಯಾ ಹಜ್‌ಗೆ ಹೊರಟಿದ್ದಾಳೆ. ಬಡ ವಿಧವೆ ಯಾಸೀನ್ ಬುವಾ ತಾನು ಕೂಡಿಟ್ಟ ಹಣ ತಂದುಕೊಟ್ಟು, ಝಮ್‌ಝಮ್ ನೀರಿನಲ್ಲಿ ಅದ್ದಿದ ಕಫನ್ ತರುವಂತೆ ಕೇಳುತ್ತಾಳೆ. ಶಾಜಿಯಾ ಅದನ್ನು ತರುವುದಿಲ್ಲ. ಬುವಾ ಸಾಯುತ್ತಾಳೆ, ಬುವಾಳ ಮಗ ಬಾಗಿಲಿಗೆ ಬರುತ್ತಾನೆ.

ಝಮ್‌ಝಮ್‌ನಲ್ಲಿ ಅದ್ದಿದ ಬಟ್ಟೆಯೇ ಆಗಬೇಕೆಂದು ದೀನಿನಲ್ಲಿ ಎಲ್ಲಿದೆ ಎಂದು ನಮ್ಮ ಗೆಳೆಯರೊಬ್ಬರು ಈ ಕಥೆ ಓದಿ ಕೇಳಿದರು. ಇಲ್ಲ ನಿಜ. ಹಜ್‌ಗೆ ಹೋಗಲಾಗದ ಹೆಂಗಸು ತನ್ನ ಹಜ್ ಆಸೆಯನ್ನು ಐದು ತುಂಡು ಬಟ್ಟೆಗೆ ಇಳಿಸಿಕೊಂಡಿದ್ದಾಳೆ. ಫತ್ವಾ ಕೇಳಲು ಅವಳು ಬಂದಿಲ್ಲ. ಲೇಖಕಿ ಅವಳನ್ನು ತಿದ್ದಲು ಹೋಗದಿರುವುದು ಕಥೆಯ ದೊಡ್ಡ ವಿವೇಕ. ಶಾಜಿಯಾಳನ್ನು ರಾಕ್ಷಸಿ ಮಾಡದಿರುವುದು ಇನ್ನೊಂದು. ಅವಳು ಮೋಸಗಾತಿಯಲ್ಲ, ಘೀಸುವಿನಂತೆ ಹಸಿದವಳೂ ಅಲ್ಲ. ಅವಳಿಗೆ ಮರೆವು, ಉದಾಸೀನ. ಹಜ್ ಮಾಡುವವನು ಹೊಲಿಗೆಯಿಲ್ಲದ ಬಿಳಿಯ ಇಹ್ರಾಮ್ ತೊಡುವುದು ಕಫನ್‌ನ ನೆನಪಿಗೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಲಕ್ಷಾಂತರ ಬಿಳಿ ಬಟ್ಟೆಗಳ ನಡುವೆ ನಿಂತೂ ಒಂದು ಬಿಳಿ ಬಟ್ಟೆ ಮರೆತುಹೋಯಿತೆಂದರೆ ಆ ನೆನಪು ಏನು ಮಾಡಿತು?

ಒಂದು ತಕರಾರು ಇದೆ. ಕೊನೆಗೆ ನಾವು ಮರುಗುವುದು ಶಾಜಿಯಾಳ ಜೊತೆಗೆ. ಅವಳ ಪಶ್ಚಾತ್ತಾಪ ಕಥೆಯನ್ನು ತುಂಬಿಕೊಳ್ಳುತ್ತದೆ. ಸಾವನ್ನು ಎದುರಿಟ್ಟುಕೊಂಡು ದುಡಿದವಳು, ಪೈಸೆ ಪೈಸೆ ಕೂಡಿಸಿದವಳು, ಏನು ಬೇಕೆಂದು ಸ್ಪಷ್ಟವಾಗಿ ಬಲ್ಲವಳು ಬುವಾ. ಕಥೆಯಲ್ಲಿ ಗುರಿಯಿದ್ದ ಬದುಕು ಅವಳೊಬ್ಬಳದೇ. ಬುಧಿಯಾಳ ಪಾಡೂ ಇದೇ: ಅವಳು ಒಳಗೆ ನರಳುತ್ತಾಳೆ, ಪ್ರೇಮಚಂದರು ಹೊರಗೆ ಗಂಡಸರ ಬಳಿ ಕೂತಿರುತ್ತಾರೆ. ಕಥೆ ಬರೆಯುವ ನಾವೂ ಅಲ್ಲೇ ಕೂತವರು. ದಾದಿಯ ಬಗ್ಗೆ ಎರಡು ಸಲ ಕಥೆಗೆ ಕೈ ಹಾಕಿದ್ದೇವೆ. ಎರಡರಲ್ಲೂ ಅವರಿಗಿಂತ ಹೆಚ್ಚು ಜಾಗ ಹಿಡಿದದ್ದು ಹಗ್ಗದ ಮೇಲಿನ ಬಟ್ಟೆ ನೋಡಿ ಹೆದರಿದ ಹುಡುಗ.