ಬೀದಿಗೆ ಇಟ್ಟ ಹೆಸರುಗಳು: ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನ ಸಾಧನೆ ಮತ್ತು ಮಿತಿ

ಚಾಲಕರಹಿತ ವಾಹನಗಳ ಕುರಿತ ವಿಶ್ವವಿದ್ಯಾಲಯಗಳ ಸಂಶೋಧನೆಯಲ್ಲಿ ಜನರ ಕಣ್ಣಿಗೆ ಬೀಳುವುದು ತಾನಾಗಿ ಓಡುವ ಕಾರು. ಆದರೆ ಆ ಕಾರು ಏನನ್ನು ಕಾಣಬಲ್ಲದು, ಯಾವುದನ್ನು ಕಂಡೂ ಗುರುತಿಸಲಾರದು ಎಂಬುದು ತೀರ್ಮಾನವಾಗುವುದು ಅದಕ್ಕೂ ಬಹಳ ಮೊದಲು, ರಸ್ತೆಯ ಚಿತ್ರಗಳಿಗೆ ಮನುಷ್ಯರು ಹೆಸರು ಹಚ್ಚುವ ಹಂತದಲ್ಲಿ. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ (ಐಐಐಟಿ) ಗಿರೀಶ್ ವರ್ಮಾ, ಸಿ.ವಿ. ಜವಾಹರ್ ಮತ್ತು ಸಂಗಡಿಗರು ಇಂಟೆಲ್ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿ, 2019ರಲ್ಲಿ ಪ್ರಬಂಧವಾಗಿ ಮಂಡಿಸಿದ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ ಎಂಬ ಚಿತ್ರಸಂಚಯವು ಈ ಕಾರಣದಿಂದಲೇ ತಾಂತ್ರಿಕ ವಲಯದ ಆಚೆಗೂ ವಿಮರ್ಶೆಗೆ ಅರ್ಹವಾದ ಕೃತಿ. ಭಾರತದ ಬೀದಿಗೆ ಅದು ಇಟ್ಟ ಹೆಸರುಗಳಲ್ಲಿ ಅದರ ದೊಡ್ಡ ಸಾಧನೆಯೂ ಇದೆ, ಅದರ ಮುಖ್ಯ ಕೊರತೆಯೂ ಇದೆ.

ಈ ಬಗೆಯ ಸಂಚಯದ ಕೆಲಸ ಹೀಗೆ ನಡೆಯುತ್ತದೆ. ವಾಹನದ ಮುಂಭಾಗಕ್ಕೆ ಕಟ್ಟಿದ ಕ್ಯಾಮೆರಾ ತೆಗೆದ ಚಿತ್ರವೊಂದರಲ್ಲಿ ಸುಮಾರು ಇಪ್ಪತ್ತು ಲಕ್ಷ ಪಿಕ್ಸೆಲ್‌ಗಳು, ಅಂದರೆ ಚಿತ್ರಬಿಂದುಗಳು ಇರುತ್ತವೆ. ಅವುಗಳಲ್ಲಿ ಪ್ರತಿಯೊಂದೂ ರಸ್ತೆಗೆ ಸೇರಿದ್ದೋ ಮನುಷ್ಯನಿಗೆ ಸೇರಿದ್ದೋ ಮರಕ್ಕೆ ಸೇರಿದ್ದೋ ಎಂದು ಮೊದಲು ಮನುಷ್ಯರು ಗುರುತು ಹಾಕುತ್ತಾರೆ, ಆ ಗುರುತುಗಳಿಂದ ಕಲಿತ ಯಂತ್ರವು ಮುಂದೆ ಹೊಸ ಚಿತ್ರಗಳನ್ನೂ ಹಾಗೆಯೇ ವಿಂಗಡಿಸುತ್ತದೆ. 2016ರಲ್ಲಿ ಬಂದ ಜರ್ಮನಿಯ ‘ಸಿಟಿಸ್ಕೇಪ್ಸ್’ ಸಂಚಯ ಈ ಕ್ಷೇತ್ರದ ಮಾನದಂಡವೆನಿಸಿತ್ತು. ಐವತ್ತು ನಗರಗಳಲ್ಲಿ ಒಳ್ಳೆಯ ಹವೆಯ ಹಗಲುಗಳಲ್ಲಿ ತೆಗೆದ ಅದರ ಚಿತ್ರಗಳಲ್ಲಿ ರಸ್ತೆಗೆ ಸ್ಪಷ್ಟ ಅಂಚಿದೆ, ಪಾದಚಾರಿಗೆ ತನ್ನದೇ ದಾರಿಯಿದೆ, ವಾಹನಗಳು ತಮ್ಮ ತಮ್ಮ ಲೇನ್ ಹಿಡಿದು ಸಾಗುತ್ತವೆ. ಆ ಶಿಸ್ತನ್ನೇ ಲೋಕದ ಸಹಜ ಸ್ಥಿತಿಯೆಂದು ಕಲಿತ ಯಂತ್ರಕ್ಕೆ ಆಟೊರಿಕ್ಷಾ ಎಂಬುದು ಹೆಸರೇ ಇಲ್ಲದ ವಸ್ತುವಾಗಿತ್ತು.

ಹೈದರಾಬಾದ್ ಮತ್ತು ಬೆಂಗಳೂರು ನಗರಗಳಲ್ಲೂ ಅವುಗಳ ಹೊರವಲಯಗಳಲ್ಲೂ ನಡೆಸಿದ 182 ಓಡಾಟಗಳಿಂದ ಆಯ್ದ 10,004 ಚಿತ್ರಗಳು, ಅವುಗಳಿಗೆ ಹಚ್ಚಿದ 34 ಹೆಸರುಗಳು: ಇದು ಭಾರತೀಯ ಸಂಚಯದ ಗಾತ್ರ. ಅದನ್ನು ಸಿದ್ಧಪಡಿಸಿದವರು ಆಗಿನ ಶ್ರೇಷ್ಠ ವಿಧಾನಗಳನ್ನು ಈ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ಅವುಗಳ ನಿಖರತೆ ಸಿಟಿಸ್ಕೇಪ್ಸ್‌ನಲ್ಲಿ ಕಂಡದ್ದಕ್ಕಿಂತ ಗಣನೀಯವಾಗಿ ಕುಸಿಯಿತು. ಈ ಕುಸಿತವನ್ನು ಭಾರತದ ಸಂಚಾರದ ಅವ್ಯವಸ್ಥೆಗೆ ಪುರಾವೆಯೆಂದು ಓದುವುದು ಸುಲಭ. ಆದರೆ ಪ್ರಬಂಧಕಾರರು ಅದನ್ನು ವಿಧಾನಗಳ ಸಂಕುಚಿತತೆಗೆ ಪುರಾವೆಯೆಂದು ಓದಿದರು, ಮತ್ತು ಈ ಓದು ಅವರ ಇಡೀ ಕೆಲಸಕ್ಕೆ ವೈಚಾರಿಕ ನೆಲೆಯನ್ನು ಒದಗಿಸಿತು.

ಆ ನೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ರಸ್ತೆಯ ಅಂಚಿನಲ್ಲಿ. ಡಾಂಬರು ಮುಗಿದ ಮೇಲೆ ಬರುವ ಮಣ್ಣಿನ ಪಟ್ಟಿಯನ್ನು ಯೂರೋಪಿನ ಸಂಚಯ ರಸ್ತೆಯಿಂದ ಹೊರಗಿನದೆಂದು ಎಣಿಸಿದರೆ, ಇಲ್ಲಿ ಆ ಪಟ್ಟಿಗೆ ‘ರಸ್ತೆಯಲ್ಲದಿದ್ದರೂ ವಾಹನ ಚಲಿಸಬಹುದಾದ ನೆಲ’ ಎಂಬ ಅರ್ಥದ ಪ್ರತ್ಯೇಕ ಹೆಸರಿದೆ. ಎದುರಿನಿಂದ ಲಾರಿ ಬಂದಾಗ ಬೈಕು ಇಳಿಯುವುದು, ಬಸ್ಸು ಹತ್ತಲು ಜನ ಕಾಯುವುದು, ತಳ್ಳುಗಾಡಿ ನಿಲ್ಲುವುದು, ಆಟೊ ತಿರುಗಿಸಿಕೊಳ್ಳುವುದು, ಎಲ್ಲವೂ ಆ ಮಣ್ಣಿನ ಮೇಲೆಯೇ. ಅದು ರಸ್ತೆಯೋ ಅಲ್ಲವೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಅದರ ಮೇಲೆ ಚಲಿಸಲು ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಮುಂದಿಟ್ಟದ್ದರಿಂದ, ಕಾನೂನು ಕಲ್ಪಿಸಿಕೊಂಡ ರಸ್ತೆಯ ಬದಲಿಗೆ ಬಳಕೆಯಲ್ಲಿರುವ ರಸ್ತೆ ಯಂತ್ರದ ಪಠ್ಯವಾಯಿತು.

ಹೆಸರುಗಳನ್ನು ನಾಲ್ಕು ಮೆಟ್ಟಿಲುಗಳಲ್ಲಿ ಜೋಡಿಸಿದ ಕ್ರಮವೂ ಇಷ್ಟೇ ಮುಖ್ಯವಾದದ್ದು. ಮೊದಲ ಮೆಟ್ಟಿಲಲ್ಲಿ ಚಲಿಸಬಹುದಾದ ನೆಲ, ಜೀವಿಗಳು, ವಾಹನಗಳು, ಆಕಾಶ ಮುಂತಾದ 7 ಸ್ಥೂಲ ವರ್ಗಗಳಿವೆ. ಅವು ಕ್ರಮವಾಗಿ 16, 26 ಮತ್ತು 30 ವರ್ಗಗಳಾಗಿ ಕವಲೊಡೆಯುತ್ತವೆ. ದೂರದಿಂದ ಬರುತ್ತಿರುವುದು ಬಸ್ಸೋ ಲಾರಿಯೋ ಎಂದು ತಿಳಿಯದಿದ್ದರೂ ವಾಹನವೆಂದು ತಿಳಿದರೆ ಬ್ರೇಕ್ ಹಾಕಲು ಅಷ್ಟು ಸಾಕು ಎಂಬ ವ್ಯವಹಾರಜ್ಞಾನ ಈ ಕ್ರಮದಲ್ಲಿ ಅಡಗಿದೆ.

ಆದರೂ ಹೆಸರುಗಳ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಎರವಲಿನ ಗುರುತುಗಳು ಉಳಿದಿರುವುದು ತಿಳಿಯುತ್ತದೆ. ಯೂರೋಪಿನ ಪ್ರವಾಸಿಗರು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ‘ಕ್ಯಾರವಾನ್’ ಎಂಬ ಚಕ್ರದ ಮೇಲಿನ ಮನೆಗೆ ಈ ಪಟ್ಟಿಯಲ್ಲೂ ಸ್ವಂತ ಸ್ಥಾನವಿದೆ. ಕಬ್ಬು ಹೇರಿಕೊಂಡು ರಾತ್ರಿ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರಿಗೆ ಅಂಥ ಸ್ಥಾನವಿಲ್ಲದೆ, ಅದು ‘ಇತರ ವಾಹನ’ ಎಂಬ ಗಂಟಿಗೆ ಸೇರಬೇಕಾಗುತ್ತದೆ. ಪ್ರಾಣಿಗಳೆಲ್ಲವೂ ಒಂದೇ ಹೆಸರಿನಡಿ ಬರುತ್ತವೆ. ಆದರೆ ಹಾರ್ನ್ ಹೊಡೆದರೂ ಕದಲದ ಎಮ್ಮೆಗೂ ಚಕ್ರದ ಸದ್ದಿಗೆ ಬೆದರಿ ಅಡ್ಡ ಓಡುವ ನಾಯಿಗೂ ನಡುವಿನ ವ್ಯತ್ಯಾಸ ಚಾಲಕನ ಪಾಲಿಗೆ ಬಸ್ಸಿಗೂ ಲಾರಿಗೂ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಸ್ಥಳೀಯ ವಾಸ್ತವಕ್ಕೆ ಅಷ್ಟು ನಿಷ್ಠವಾದ ಕೃತಿಯೊಂದು ಇಲ್ಲಿ ಅರ್ಧ ದಾರಿಯಲ್ಲಿ ನಿಂತುಬಿಟ್ಟಿದೆ.

ಎರಡನೆಯ ಕೊರತೆ ಅಳತೆಯದು, ಮತ್ತು ಅದು ಈ ಒಂದು ಸಂಚಯಕ್ಕಷ್ಟೇ ಸೇರಿದ್ದಲ್ಲ. ಯಂತ್ರ ಗುರುತಿಸಿದ ಪ್ರದೇಶವೂ ನಿಜವಾದ ಪ್ರದೇಶವೂ ಎಷ್ಟರ ಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ ಎಂಬ ಅನುಪಾತವನ್ನು ವರ್ಗವಾರು ಲೆಕ್ಕಹಾಕಿ ಸರಾಸರಿ ತೆಗೆಯುವುದು ಈ ಕ್ಷೇತ್ರದ ರೂಢಿ. ಈ ಲೆಕ್ಕದಲ್ಲಿ ಪಾದಚಾರಿಯನ್ನು ಬೈಕ್ ಸವಾರನೆಂದು ತಪ್ಪಾಗಿ ಗುರುತಿಸಿದರೂ ಖಾಲಿ ರಸ್ತೆಯೆಂದು ಗುರುತಿಸಿದರೂ ಅದು ಒಂದೇ ತೂಕದ ತಪ್ಪು. ಬೀದಿಯಲ್ಲಿ ಮಾತ್ರ ಮೊದಲನೆಯದು ಬರಿಯ ಗೊಂದಲ, ಎರಡನೆಯದು ಸಾವು. ಮಳೆ, ಮಂಜು, ಮಬ್ಬುಬೆಳಕು ಮತ್ತು ಹಿಮದಲ್ಲಿ ತೆಗೆದ 5,000 ಚಿತ್ರಜೋಡಿಗಳ ಮುಂದಿನ ಸಂಚಯದಲ್ಲಿ, ಸಾಮಾನ್ಯ ಚಿತ್ರದ ಜೊತೆಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚಿತ್ರವನ್ನೂ ಒದಗಿಸಿದ ಇದೇ ಸಂಸ್ಥೆಯ ಸಂಶೋಧಕರು, ಅಪಾಯಕಾರಿ ತಪ್ಪುಗಳಿಗೆ ಹೆಚ್ಚಿನ ದಂಡ ವಿಧಿಸುವ ಹೊಸ ಅಳತೆಯೊಂದನ್ನು ಸೂಚಿಸಿದರು. ಹೆಸರುಗಳ ಶ್ರೇಣಿಯಲ್ಲಿ ನಿಜವಾದ ವರ್ಗದಿಂದ ಎಷ್ಟು ದೂರದ ಕೊಂಬೆಗೆ ಯಂತ್ರ ಜಿಗಿಯಿತು ಎಂಬುದರ ಮೇಲೆ ಆ ದಂಡ ನಿಂತಿದೆ. ಸೌಕರ್ಯಕ್ಕಾಗಿ ಕಟ್ಟಿದ ಮೆಟ್ಟಿಲುಗಳು ಹೀಗೆ ಅಪಾಯವನ್ನು ಅಳೆಯುವ ಕೋಲಾದದ್ದು ಈ ಸಂಶೋಧನಾ ಪರಂಪರೆಯ ಅತ್ಯಂತ ಪ್ರಬುದ್ಧ ಹೆಜ್ಜೆ.

ಮೂರನೆಯ ಕೊರತೆ ಅಷ್ಟು ಸುಲಭವಾಗಿ ನೀಗುವಂಥದಲ್ಲ. ಭಾರತದ ರಸ್ತೆಯಲ್ಲಿ ಸಂಚಾರ ನಡೆಯುವುದು ಬಹುಮಟ್ಟಿಗೆ ಮಾತುಕತೆಯಿಂದ: ರಸ್ತೆ ದಾಟುವವರು ಅಂಗೈ ಎತ್ತಿ ವಾಹನಗಳನ್ನು ತಡೆಯುತ್ತಾರೆ, ಬೈಕಿನ ಹಿಂಬದಿ ಸವಾರ ಕೈ ಚಾಚಿ ತಿರುವನ್ನು ಸೂಚಿಸುತ್ತಾನೆ, ಹಾರ್ನಿನ ಒಂದೊಂದು ಬಗೆಗೂ ಒಂದೊಂದು ಅರ್ಥವಿರುತ್ತದೆ. ಬಿಂದುಗಳಿಗೆ ಹೆಸರು ಹಚ್ಚುವ ಕ್ರಮದಲ್ಲಿ ಚಾಚಿದ ಆ ಕೈ ‘ಸವಾರ’ ಎಂಬ ಬಣ್ಣದ ಒಂದು ಅಂಚಷ್ಟೇ ಆಗಿ ಉಳಿಯುತ್ತದೆ. ಕೈ ಏನು ಹೇಳುತ್ತಿದೆ ಎಂಬುದಕ್ಕೆ ಅಲ್ಲಿ ಹೆಸರಿಲ್ಲ, ಶಬ್ದಕ್ಕಂತೂ ಜಾಗವೇ ಇಲ್ಲ. ನಡೆಯನ್ನು ಮುಂಗಾಣುವುದು ಮುಂದಿನ ಸಮಸ್ಯೆಯೆಂದು ಮೂಲ ಪ್ರಬಂಧವೇ ಸೂಚಿಸಿದ್ದರಿಂದ ಈ ಮಿತಿಯನ್ನು ಅಜ್ಞಾನವೆನ್ನಲಾಗದು. ಆದರೆ ನೋಟ ಯಾವಾಗಲೂ ಕಾರಿನ ಒಳಗಿನಿಂದ ಹೊರಗೆ ಹರಿಯುತ್ತದೆ ಎಂಬುದನ್ನು ಗಮನಿಸಬೇಕು. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಮಡಿದ 1,68,491 ಜನರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು, ಶೇ. 19.5ರಷ್ಟು ಮಂದಿ ಪಾದಚಾರಿಗಳು. ಈ ಚಿತ್ರಗಳಲ್ಲಿ ಅವರು ನೋಡುವವರಾಗಿ ಎಲ್ಲೂ ಇಲ್ಲ, ನೋಡಲ್ಪಡುವವರಾಗಿ ಮಾತ್ರ ಇದ್ದಾರೆ.

ಹಾಗಿರುವಾಗ ಇಂಥ ಸಂಶೋಧನೆಯ ಬೆಲೆಯನ್ನು ಚಾಲಕರಹಿತ ಕಾರು ಎಂದು ಬಂದೀತು ಎಂಬ ಪ್ರಶ್ನೆಯಿಂದ ಅಳೆಯುವುದು ತಪ್ಪಾಗುತ್ತದೆ. ಇದೇ ಸಂಸ್ಥೆ, ಇಂಟೆಲ್ ಮತ್ತು ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಗಳು ನಾಗಪುರದ ಮಹಾನಗರ ಪಾಲಿಕೆಯೊಂದಿಗೆ 2021ರಲ್ಲಿ ಆರಂಭಿಸಿದ ‘ಐರಾಸ್ತೆ’ ಯೋಜನೆ ಇದಕ್ಕೆ ಉದಾಹರಣೆ. ಅಲ್ಲಿ ನಗರ ಬಸ್ಸುಗಳಿಗೆ ಅಳವಡಿಸಿದ ಎಚ್ಚರಿಕೆಯ ಸಾಧನ ಚಾಲಕನ ಜಾಗಕ್ಕೆ ಬರುವುದಿಲ್ಲ, ಡಿಕ್ಕಿಯ ಸಂಭವವನ್ನು ಅವನಿಗೆ ತಿಳಿಸುತ್ತದೆ; ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳು ಮತ್ತೆ ಮತ್ತೆ ದಾಖಲಾಗುವ ಸ್ಥಳಗಳನ್ನು ‘ಗ್ರೇ ಸ್ಪಾಟ್’ ಎಂದು ಗುರುತಿಸಿ, ಅವು ಸಾವುಗಳಿಂದ ಹೆಸರಾಗುವ ‘ಬ್ಲ್ಯಾಕ್ ಸ್ಪಾಟ್’ ಆಗುವ ಮೊದಲೇ ರಸ್ತೆಯನ್ನು ಸರಿಪಡಿಸುವುದು ಯೋಜನೆಯ ಆಶಯ. ಮಣ್ಣಿನ ಅಂಚಿಗೂ ಆಟೊರಿಕ್ಷಾಗೂ ಹೆಸರಿಟ್ಟ ದೃಷ್ಟಿಯೇ ಇಲ್ಲಿ ಇನ್ನೂ ಆಗದ ಅಪಘಾತಕ್ಕೂ ಹೆಸರಿಟ್ಟಿದೆ. ಚಾಚಿದ ಕೈಗೆ, ದೀಪವಿಲ್ಲದ ಟ್ರ್ಯಾಕ್ಟರಿಗೆ ಹೆಸರಿಡುವ ಕೆಲಸ ಬಾಕಿಯಿದೆ. ಅದನ್ನು ಮಾಡಬೇಕಾದವರು ಈ ಬೀದಿಗಳನ್ನು ದಿನವೂ ದಾಟುವ ವಿಶ್ವವಿದ್ಯಾಲಯಗಳವರೇ.